ಡೀಸೆಲ್ ಮಿನೋಝ್ 4 ಇಂಚು: ಉಪ್ಪುನೀರಿನ ಚೌಗಿನ ಸಂಜೆಗೆ ಹೇಗಿದೆ?

ಝಡ್-ಮ್ಯಾನ್ ಕಂಪನಿಯ ಡೀಸೆಲ್ ಮಿನೋಝ್ ಪ್ಯಾಡಲ್ ಬಾಲದ, ಅಂದರೆ ತುದಿ ಹುಟ್ಟಿನಂತೆ ಅಗಲವಾದ ಬಾಲದ ಮೆತ್ತನೆಯ ಲ್ಯೂರ್; ಮೀನು ಹಿಡಿಯಲು ಗಾಳಕ್ಕೆ ಏರಿಸುವ ಕೃತಕ ಮರಿಮೀನು. ಚೌಗಿನಲ್ಲಿ ಸಂಜೆ ಸಮುದ್ರದ ಇಳಿತದ ಹೊತ್ತಿಗೆ ಒಂದೇ ಲ್ಯೂರ್ ಕಟ್ಟಬೇಕೆಂದರೆ ಇದರ 4 ಇಂಚಿನದನ್ನು ಧೈರ್ಯವಾಗಿ ಕಟ್ಟಬಹುದು. ಆದರೆ ಉಳಿದ ಮೆತ್ತನೆ ಲ್ಯೂರ್‌ಗಳ ಹಾಗೇ ಬಳಸಲು ಹೊರಟರೆ ನಿರಾಸೆಯೇ ಗತಿ.

ಮಾಮೂಲಿ ಮೆತ್ತನೆ ಲ್ಯೂರ್‌ಗಳು ಬಹುಪಾಲು ಪಿವಿಸಿ ಪ್ಲಾಸ್ಟಿಕ್ಕಿನವು. ಇದು ಬೇರೆ ವಸ್ತು. ಕಂಪನಿ ಅದಕ್ಕಿಟ್ಟ ಹೆಸರು ಈಲಾಝ್‌ಟೆಕ್. ಹತ್ತು ಪಟ್ಟು ಗಟ್ಟಿ ಅನ್ನುವುದು ಕಂಪನಿಯ ಜಾಹೀರಾತು. ಪಟ್ಟಿನ ಲೆಕ್ಕ ಹಾಗಿರಲಿ, ಏಡಿಗಳೂ ಪುಡಿಮೀನುಗಳೂ ಬಾಲ ಜಗ್ಗುವ ಜಾಗದಲ್ಲಿ ಪಿವಿಸಿ ಹರಿದುಹೋದರೂ ಇದು ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಹರಿತ ಹಲ್ಲಿನ ಬ್ಲೂಫಿಶ್ ಅಥವಾ ಪಫರ್ ಮೀನು ಬಂದರೆ ಮಾತ್ರ ಇದಕ್ಕೂ ಉಳಿಗಾಲವಿಲ್ಲ.

ಈ ವಸ್ತು ನೀರಿನಲ್ಲಿ ತೇಲುತ್ತದೆ. ಜಿಗ್ ಹೆಡ್ (ತಲೆಯಲ್ಲಿ ಭಾರ ಕೂಡಿಸಿದ ಗಾಳ) ತಳ ಮುಟ್ಟಿದಾಗ ಬಾಲ ಮೇಲೆದ್ದು ನಿಲ್ಲುತ್ತದೆ, ತಳ ಕೆದಕಿ ತಿನ್ನುವ ಮರಿಮೀನಿನ ಭಂಗಿ ಅದು. ತಳದಲ್ಲೇ ಇರುವ ಚಪ್ಪಟೆ ಮೀನು ಫ್ಲೌಂಡರ್‌ಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ತೊಡಕೆಂದರೆ, ಅದೇ ತೂಕದ ಹೆಡ್ ಹಾಕಿದ ಪಿವಿಸಿ ಲ್ಯೂರ್‌ಗಿಂತ ಇದು ನಿಧಾನ ಮುಳುಗುತ್ತದೆ. ಮೊಣಕಾಲುದ್ದ ನೀರಿಗೆ 1/8 ಔನ್ಸ್, ಅಂದರೆ ಮೂರೂವರೆ ಗ್ರಾಂ ತೂಕದ ಹೆಡ್ ಸಾಕು. ತೋಡಿನ ಬಾಯಲ್ಲಿ ಹರಿವು ಜೋರಿದ್ದರೆ ಕಾಲು ಔನ್ಸ್, ಅಂದರೆ 7 ಗ್ರಾಂ ಬೇಕು; ಇಲ್ಲವಾದರೆ ಲ್ಯೂರ್ ತಳ ಮುಟ್ಟದೆ ಮೀನಿನ ತಲೆಯ ಮೇಲಿಂದಲೇ ತೇಲಿಹೋಗುತ್ತದೆ. ರಾಡ್ 7 ಅಡಿಯದು, ರೀಲ್ 2500 ಅಥವಾ 3000 ಅಳತೆಯದು, 10 ಪೌಂಡ್ ಭಾರ ತಡೆಯುವ ಬ್ರೇಡ್ (ಹೆಣೆದ ದಾರ), ಅದರ ಮುಂದೆ ಲ್ಯೂರ್‌ನ ಬಳಿ ಎರಡಡಿ 20 ಪೌಂಡಿನ ಫ್ಲೋರೋಕಾರ್ಬನ್ ಲೀಡರ್ (ಉಜ್ಜು ತಡೆಯುವ ದಾರದ ತುಂಡು). ಸಿಂಪಿ ಚಿಪ್ಪಿನ ದಿಬ್ಬಗಳಿದ್ದರೆ ಲೀಡರನ್ನು 30 ಪೌಂಡಿಗೆ ಏರಿಸಿ. ಚಿಪ್ಪಿನ ಅಂಚು ಬ್ರೇಡನ್ನು ಒಂದೇ ಉಜ್ಜಿಗೆ ಕತ್ತರಿಸುತ್ತದೆ.

ಹೆಚ್ಚಿನವರು ಎಡವುವುದು ಲ್ಯೂರ್ ಏರಿಸುವಾಗ. ದಪ್ಪ ಸೀಸದ ಕುತ್ತಿಗೆಯಿರುವ ಜಿಗ್ ಹೆಡ್‌ಗೆ ಈ ವಸ್ತು ಅಂಟಿಕೊಂಡು ಜರುಗುವುದೇ ಇಲ್ಲ. ಒತ್ತಾಯಿಸಿದರೆ ಮೈ ಗುಡ್ಡೆಯಾಗಿ, ಬಾಲ ಒಂದು ಕಡೆ ಸೊಟ್ಟಗಾಗುತ್ತದೆ. ಸಣ್ಣ ತಂತಿಯ ಹಿಡಿಕೆಯಿರುವ ಹೆಡ್ ಆರಿಸಿ, ಗಾಳವನ್ನು ಒದ್ದೆ ಮಾಡಿ ಏರಿಸಿ. ಗಾಳ ಬೆನ್ನಿನ ನಡುಗೆರೆಯಲ್ಲೇ ಹೊರಬರಬೇಕು. ಎರಡು ಮಿಲಿಮೀಟರ್ ಆಚೀಚೆಯಾದರೂ ಲ್ಯೂರ್ ಈಜುವ ಬದಲು ತಿರುಗತೊಡಗುತ್ತದೆ, ಜೊತೆಗೆ ದಾರವೂ ಹುರಿಗೊಳ್ಳುತ್ತದೆ. ಎಸೆಯುವ ಮೊದಲು ಕಾಲ ಬಳಿಯೇ ಒಮ್ಮೆ ಎಳೆದು ನೋಡುವುದು ಇದಕ್ಕೇ. ಸರಿ ಕೂತ ಮೇಲೆ ಹೆಡ್‌ನ ಬುಡಕ್ಕೆ ಒಂದು ಹನಿ ಜೆಲ್ ಸೂಪರ್‌ಗ್ಲೂ ಹಾಕಿದರೆ ಆ ಸಂಜೆಗೆ ಮತ್ತೆ ಮುಟ್ಟಬೇಕಿಲ್ಲ. ಹುಲ್ಲಿನೊಳಗೆ ಎಸೆಯುವುದಾದರೆ ಹೊಟ್ಟೆಯಲ್ಲೂ ಬೆನ್ನಲ್ಲೂ ಸೀಳು ಬಿಟ್ಟೇ ಇರುವುದರಿಂದ 4/0 ಅಳತೆಯ, ಹೊಟ್ಟೆಯ ಕಡೆ ಭಾರವಿರುವ ವೀಡ್‌ಲೆಸ್ (ಹುಲ್ಲಿಗೆ ಸಿಕ್ಕದ) ಗಾಳ ಸಲೀಸಾಗಿ ಅಡಗುತ್ತದೆ. ಭಾರವಿಲ್ಲದ ಗಾಳ ಬೇಡ, ತೇಲುವ ಮೈ ಮಗುಚಿಕೊಳ್ಳುತ್ತದೆ.

ಇಳಿತ ಶುರುವಾಗಿ ಹುಲ್ಲಿನ ಬುಡದಿಂದ ನೀರು ಜಾರುವಾಗ ಸೀಗಡಿ, ಮರಿಮೀನು ಕಿರುತೋಡುಗಳ ಮೂಲಕ ದೊಡ್ಡ ಕಾಲುವೆಗೆ ಇಳಿಯುತ್ತವೆ. ರೆಡ್‌ಫಿಶ್, ಸೀಟ್ರೌಟ್ ಎಂಬ ಬೇಟೆಮೀನುಗಳೆರಡೂ ತೋಡಿನ ಬಾಯಲ್ಲಿ ಹರಿವಿಗೆ ಮುಖಮಾಡಿ ಕಾಯುತ್ತವೆ. ಲ್ಯೂರನ್ನು ತೋಡಿನ ಒಳಕ್ಕೆ ಎಸೆದು ಹರಿವಿನ ಜೊತೆಗೇ ಹೊರಕ್ಕೆ ತನ್ನಿ; ಹರಿವಿಗೆ ಎದುರಾಗಿ ಓಡಿಬರುವ ಮರಿಮೀನನ್ನು ನಂಬುವ ಬೇಟೆಮೀನು ಕಡಿಮೆ. ರೀಲನ್ನು ನಿಧಾನ ಸುತ್ತಿ, ನಾಲ್ಕೈದು ಸುತ್ತಿಗೊಮ್ಮೆ ನಿಲ್ಲಿಸಿ ಇಳಿಯಬಿಡಿ. ಬೆಳಕು ಇಳಿದಷ್ಟೂ ವೇಗ ಇಳಿಸಿ, ಬಣ್ಣ ಗಾಢವಾಗಿಸಿ. ತಿಳಿನೀರಿಗೆ ಬೆಳ್ಳಿ ಬಣ್ಣ ಸರಿ. ಕದಡಿದ ನೀರಿಗೂ ಮುಸ್ಸಂಜೆಗೂ ಹಳದಿ-ಹಸಿರು ಬಾಲದ ಕಪ್ಪು ಮೈ ಚೆನ್ನ. ಕೆಳಗಿನಿಂದ ನೋಡುವ ಮೀನಿಗೆ ಕಾಣುವುದು ನೆರಳಿನಂಥ ಆಕಾರ ಮಾತ್ರ.

ಗಟ್ಟಿತನಕ್ಕೂ ಒಂದು ಬೆಲೆಯಿದೆ. ಸೀಟ್ರೌಟ್ ಬಾಲವನ್ನಷ್ಟೇ ಕಚ್ಚಿದರೆ ಮೈ ಹಿಗ್ಗುತ್ತದೆ, ಕೈಗೆ ಏಟು ಸಿಗುತ್ತದೆ, ಗಾಳ ಮಾತ್ರ ಸಿಕ್ಕುವುದಿಲ್ಲ. ಪಿವಿಸಿಯಾದರೆ ಹರಿದ ಬಾಲ ನೋಡಿ ಏನಾಯಿತೆಂದು ತಿಳಿಯುತ್ತಿತ್ತು. ಇದರಲ್ಲಿ ಗುರುತೇ ಉಳಿಯದು. ಮೊದಲ ಏಟಿಗೆ ರಾಡ್ ಎತ್ತದೆ ಸುತ್ತುತ್ತಲೇ ಇರಿ, ಭಾರ ಕೈಗೆ ಬಂದ ಮೇಲೆ ಎಳೆಯಿರಿ. ವೀಡ್‌ಲೆಸ್ ಗಾಳವಿದ್ದರೆ ಆಗ ಬಲವಾಗಿಯೇ ಎಳೆಯಬೇಕು.

ಶೇಖರಣೆಯಲ್ಲಿ ಇದರಷ್ಟು ಕಿರಿಕಿರಿಯ ಲ್ಯೂರ್ ಇನ್ನೊಂದಿಲ್ಲ. ಪಿವಿಸಿ ಲ್ಯೂರ್‌ಗಳ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಎರಡೂ ಕರಗಿ ಅಂಟಿನ ಮುದ್ದೆಯಾಗುತ್ತವೆ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೂ ಆಕಾರ ಕೆಡುತ್ತದೆ. ಒಮ್ಮೆ ಸೊಟ್ಟಗಾದ ಬಾಲ ಸರಿಯಾಗಿ ಬಡಿಯುವುದಿಲ್ಲ. ಅದು ಬಂದ ಪೊಟ್ಟಣದಲ್ಲೇ, ಮಡಚದೆ, ಚಪ್ಪಟೆಯಾಗಿ ಇಡಿ. ಉದ್ದ ಕಡಿಮೆ ಮಾಡಬೇಕಿದ್ದರೆ ಬ್ರೇಡ್ ಕತ್ತರಿಸುವ ಹರಿತ ಕತ್ತರಿಯೇ ಬೇಕು, ಮೊಂಡು ಕತ್ತರಿಗೆ ಇದು ಬರೀ ಹಿಗ್ಗುತ್ತದೆ.