ಬೀದರ್‌ಗೆ ಹೋದರೆ ಬಿದರಿ ಖರೀದಿ ಕೊನೆಯ ದಿನಕ್ಕಿರಲಿ

ಮೊದಲ ಸಲ ಬೀದರ್‌ಗೆ ಹೋದಾಗ ಊರು ನೋಡುವುದಕ್ಕೂ ಮುಂಚೆ ನಾನು ಬಿದರಿ, ಎಂದರೆ ಕಪ್ಪು ಲೋಹದಲ್ಲಿ ಬೆಳ್ಳಿಯ ಕುಸುರಿ ಕೂರಿಸಿದ ಇಲ್ಲಿನ ಕರಕುಶಲ ವಸ್ತು, ಕೊಂಡಿದ್ದೆ. ಬಸ್ಸಿಳಿದು ಚಹಾ ಕುಡಿದು, ಎದುರಿಗೆ ಕಂಡ ಅಂಗಡಿಯೊಂದಕ್ಕೆ ಹೊಕ್ಕು, ಹೇಳಿದ ಬೆಲೆಯನ್ನು ಅರ್ಧಕ್ಕೆ ಇಳಿಸಿದೆನೆಂಬ ಹೆಮ್ಮೆಯಲ್ಲಿ ಹೂದಾನಿಯೊಂದನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಕಪ್ಪು ಸಿಪ್ಪೆಯೆದ್ದು, ಒಳಗಿನದು ಬಣ್ಣ ಬಳಿದ ಅಲ್ಯೂಮಿನಿಯಂ ಎಂಬುದು ಬಯಲಾಯಿತು. ಕಳೆದ ಡಿಸೆಂಬರಿನಲ್ಲಿ ಮೂರು ದಿನ ಅಲ್ಲಿದ್ದು ಬಂದಾಗ ಆ ಕ್ರಮವನ್ನು ತಲೆಕೆಳಗು ಮಾಡಿದೆ. ಮೊದಲು ಕೋಟೆ, ಆಮೇಲೆ ಸುತ್ತಲಿನ ಹೊಲ ಹಳ್ಳಿ, ಕೊನೆಗೆ ಅಂಗಡಿ. ಈ ಊರಿನಲ್ಲಿ ಕೊಳ್ಳುವ ವಸ್ತುವಿಗೂ ನೋಡುವ ಕಲ್ಲಿಗೂ ಇರುವ ನಂಟು ತಿಳಿದದ್ದು ಆಗಲೇ.

ಬೆಂಗಳೂರಿನಿಂದ ಬೀದರ್ ಸುಮಾರು 700 ಕಿಲೋಮೀಟರ್ ದೂರದಲ್ಲಿದೆ, ಹೈದರಾಬಾದಿನಿಂದಾದರೆ 140 ಮಾತ್ರ. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ತಲುಪಬಹುದು. ನಾನು ಇಳಿದುಕೊಂಡ ವಸತಿಗೃಹದ ಬಗ್ಗೆ ಹೊಗಳುವುದೇನೂ ಇಲ್ಲ. ಬಿಸಿನೀರು ಬೆಳಿಗ್ಗೆ ಆರರಿಂದ ಎಂದು ಹೇಳಿ ಎಂಟಕ್ಕೂ ಬಿಡಲಿಲ್ಲ, ಮತ್ತು ಡಿಸೆಂಬರಿನಲ್ಲಿ ಬೀದರ್‌ನ ಚಳಿ ತಮಾಷೆಯ ಮಾತಲ್ಲ. ಊಟದ ವಿಚಾರದಲ್ಲಿ ಮಾತ್ರ ಕೊರತೆಯಿಲ್ಲ. ಒಂದು ಹೊತ್ತು ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ, ಇನ್ನೊಂದು ಹೊತ್ತು ಹಳೆಯ ಊರಿನ ಬಿರಿಯಾನಿ ಎಂದು ಇಟ್ಟುಕೊಂಡರೆ ಮೂರು ದಿನ ಬೇಸರವಿಲ್ಲದೆ ಕಳೆಯುತ್ತವೆ. ನಾನಕ್ ಝೀರಾ ಗುರುದ್ವಾರದಲ್ಲಿ ಒಂದು ಹೊತ್ತು ಲಂಗರಿನ ಊಟಕ್ಕೆ ಕುಳಿತುಕೊಳ್ಳುವುದನ್ನೂ ತಪ್ಪಿಸಬಾರದು. ಸಿಖ್ಖರಲ್ಲಿ ಖಾಲ್ಸಾ ದೀಕ್ಷೆ ಪಡೆದ ಮೊದಲ ಐವರಾದ ಪಂಚಪ್ಯಾರೆಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು ಎಂಬ ಸಂಗತಿ ನಮ್ಮ ಕಡೆಯ ಎಷ್ಟೋ ಜನರಿಗೆ ತಿಳಿದಂತಿಲ್ಲ.

ಬಹಮನಿ ದೊರೆ ಒಂದನೇ ಅಹ್ಮದ್ ಶಾಹ 15ನೇ ಶತಮಾನದ ಮೊದಲರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯೊಂದು ತಟ್ಟನೆ ಮುಗಿದು ಕಣಿವೆಗೆ ಇಳಿಯುವ ಅಂಚಿನಲ್ಲಿ ಕೋಟೆ ಕುಳಿತಿರುವುದರಿಂದ, ಒಂದು ಕಡೆಯ ಕಾವಲನ್ನು ನೆಲವೇ ನೋಡಿಕೊಳ್ಳುತ್ತಿತ್ತು. ಊರಿಗೆ ಮುಖಮಾಡಿದ ಕಡೆ ಮಾತ್ರ ಬಂಡೆಯನ್ನೇ ಕಡಿದು ಮೂರು ಸಾಲಿನ ಕಂದಕ ತೋಡಿದ್ದಾರೆ. ಸಾಲುಗಳ ನಡುವಿನ ಗೋಡೆಗಳು ಕಟ್ಟಿದವಲ್ಲ, ಕಡಿಯುವಾಗ ಬಿಟ್ಟ ಬಂಡೆಯೇ ಗೋಡೆಯಾಗಿದೆ. ಶರ್ಜಾ ದರವಾಜೆಯ ಮೇಲೆ ಕೆತ್ತಿದ ಹುಲಿಗಳ ಚಿತ್ರ ತೆಗೆದುಕೊಂಡು ಒಳಗೆ ಓಡುವವರು ಈ ಕಂದಕವನ್ನು ಗಮನಿಸುವುದೇ ಇಲ್ಲ. ಅಲ್ಲಿ ಹತ್ತು ನಿಮಿಷ ನಿಂತು ನೋಡುವುದು ಒಳ್ಳೆಯದು.

ಒಳಗೆ ನೋಡುವುದು ಬಹಳವಿದ್ದರೂ ಎಲ್ಲಕ್ಕೂ ಒಂದೇ ತೂಕವಿಲ್ಲ. ಗಗನ್ ಮಹಲ್, ತರ್ಕಶ್ ಮಹಲ್‌ಗಳನ್ನು ನಡೆಯುತ್ತಲೇ ನೋಡಿ ಮುಗಿಸಬಹುದು. ಸೋಲಾ ಕಂಬ ಮಸೀದಿಯ ದಪ್ಪ ದುಂಡು ಕಂಬಗಳ ನೆರಳಿನಲ್ಲಿ ಮಧ್ಯಾಹ್ನದ ಬಿಸಿಲು ಕಳೆಯುವುದು ಹಿತವಾಗಿರುತ್ತದೆ. ಹೆಚ್ಚು ಹೊತ್ತು ಕೊಡಬೇಕಾದದ್ದು ರಂಗೀನ್ ಮಹಲ್‌ಗೆ. ಅದರ ಒಳಕೋಣೆಗಳಿಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ, ಆದರೆ ಕಾವಲಿನವರನ್ನು ವಿನಯದಿಂದ ಕೇಳಿದರೆ ತೆಗೆದು ತೋರಿಸುವುದುಂಟು, ನನಗೂ ತೋರಿಸಿದರು. 16ನೇ ಶತಮಾನದಲ್ಲಿ ಆಳಿದ ಅಲಿ ಬರೀದ್ ಶಾಹನ ಕಾಲದ ಕೆಲಸವದು. ಹೊರಗಿನ ಕಟ್ಟಿಗೆಯ ಕಂಬಗಳ ಕೆತ್ತನೆಯೇ ಸಾಕಷ್ಟು ಚೆಂದ. ಆದರೆ ಒಳಗಿನ ಬಾಗಿಲಿನ ಸುತ್ತ ಮಸಿಯಂಥ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪಿನ ತುಣುಕುಗಳನ್ನು ಬಳ್ಳಿ, ಹೂವು, ಅಕ್ಷರಗಳಾಗಿ ಕೂರಿಸಿರುವುದನ್ನು ಕಂಡಾಗ ನಾನು ಬಾಯಿ ಮುಚ್ಚಿಕೊಂಡು ನಿಂತೆ. ಕಪ್ಪು ನೆಲ, ಅದರಲ್ಲಿ ತೋಡಿದ ಸಣ್ಣ ಹಳ್ಳ, ಹಳ್ಳದಲ್ಲಿ ಮಿನುಗುವ ಬಿಳಿ. ನಾನು ಚೀಲದಲ್ಲಿ ಹೊತ್ತೊಯ್ಯಬೇಕೆಂದು ಬಂದಿದ್ದ ಕೆಲಸ ಇಲ್ಲಿ ಗೋಡೆಯ ಮೇಲಿತ್ತು.

ಹಳೆಯ ಊರಿನ ನಡುವೆ ಚೌಬಾರಾ ಎಂಬ ಗುಂಡು ಗೋಪುರವಿದೆ. ಅಲ್ಲಿಂದ ಕೋಟೆಯ ಕಡೆ ನಡೆದರೆ ಸಿಗುವುದು ಮಹಮೂದ್ ಗವಾನನ ಮದರಸಾ. ಇರಾನಿನ ಗೀಲಾನದಿಂದ ವ್ಯಾಪಾರಕ್ಕೆ ಬಂದು ಬಹಮನಿ ರಾಜ್ಯದ ಮಂತ್ರಿಯಾದ ಗವಾನ 1472ರಲ್ಲಿ ಕಟ್ಟಿಸಿದ ಈ ವಿದ್ಯಾಲಯ ಮೂರು ಅಂತಸ್ತಿನದು. ಸುಳ್ಳು ಪತ್ರವೊಂದನ್ನು ನಂಬಿದ ಸುಲ್ತಾನ 1481ರಲ್ಲಿ ಆ ಮುದುಕನ ತಲೆ ಹಾರಿಸಿದ. ರಾಜ್ಯ ಒಡೆದು ಹೋಗಲು ಅಲ್ಲಿಂದ ಹೆಚ್ಚು ಕಾಲ ಹಿಡಿಯಲಿಲ್ಲ. ಕಟ್ಟಡಕ್ಕೆ ಒದಗಿದ ಗತಿಯೂ ಅಂಥದೇ. ಮೊಗಲರ ಕಾಲದಲ್ಲಿ, 17ನೇ ಶತಮಾನದ ಕೊನೆಗೆ, ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಒಂದು ಪಾಲು ಮತ್ತು ಒಂದು ಮಿನಾರು ನೆಲಕ್ಕುರುಳಿದವು. ಉಳಿದ ಮಿನಾರಿನ ಮೇಲೆ ನೀಲಿ, ಹಳದಿ, ಬಿಳಿ ಹೆಂಚುಗಳ ಚೂರುಗಳು ಇನ್ನೂ ಅಂಟಿಕೊಂಡಿವೆ. ಬೆಳಗಿನ ಬಿಸಿಲು ನೇರವಾಗಿ ಬೀಳುವುದರಿಂದ ಒಂಬತ್ತು ಗಂಟೆಯೊಳಗೆ ಹೋಗಬೇಕು. ಸಂಜೆ ಹೋದವನಿಗೆ ಈ ಬಣ್ಣ ಕಾಣುವುದಿಲ್ಲ. ನನ್ನ ಮೊದಲ ಭೇಟಿಯಲ್ಲಿ ಆದದ್ದು ಅದೇ.

ಎರಡನೆಯ ದಿನ ಹಳ್ಳಿಯ ಕಡೆಗೆ. ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರು, ಬೀದರ್‌ನಿಂದ ಪೂರ್ವಕ್ಕೆ ಮೂರು ಕಿಲೋಮೀಟರಿನಷ್ಟು ದೂರ. ಆಟೋದವರೊಬ್ಬರು ಮೊದಲು ಹೇಳಿದ ದರ ಹತ್ತು ಕಿಲೋಮೀಟರಿಗೆ ಸಾಲುವಂತಿತ್ತು. ಚೌಕಾಸಿ ಮಾಡುವ ಬದಲು ನಡೆದೇ ಹೋದೆ, ಲಾಭವೂ ಆಯಿತು. ದಾರಿಯಲ್ಲಿ ಸಂತ ಖಲೀಲುಲ್ಲಾನ ಗೋರಿಯಾದ ಚೌಖಂಡಿ ಸಿಗುತ್ತದೆ. ಎಂಟು ಮೂಲೆಯ ಆ ಕಟ್ಟಡದ ಕಪ್ಪು ಕಲ್ಲಿನ ಬಾಗಿಲುವಾಡದಲ್ಲಿ ಅಕ್ಷರಗಳನ್ನು ಹಗ್ಗ ಹೊಸೆದಂತೆ ಕೆತ್ತಿದ್ದಾರೆ. ಅದನ್ನು ದಾಟಿದರೆ ಎರಡೂ ಕಡೆ ತೊಗರಿ ಹೊಲ, ಒಣಗಿದ ಕಾಯಿಯ ಸದ್ದು, ಅವುಗಳ ಆಚೆ ಸಾಲಾಗಿ ಗುಮ್ಮಟಗಳು.

ಅಷ್ಟೂರಿನ ಗೋರಿಗಳನ್ನು ಒಂದೊಂದಾಗಿ ನೋಡುವುದಕ್ಕಿಂತ ಸಾಲಾಗಿ ನೋಡಬೇಕು. ಆರಂಭದ ಸುಲ್ತಾನರಿಗೆ ಆಕಾಶಕ್ಕೆ ಚಾಚಿದ ಗುಮ್ಮಟಗಳು, ಕೊನೆಯವರಿಗೆ ಊರ ಗೌಡನ ಗದ್ದುಗೆಗಿಂತ ದೊಡ್ಡದಲ್ಲದ ಚಿಕ್ಕ ಕಟ್ಟಡಗಳು. ಒಂದು ವಂಶದ ಖಜಾನೆ ಬರಿದಾದ ಲೆಕ್ಕ ಹೀಗೆ ಹೊಲದ ನಡುವೆ ಬಿದ್ದಿದೆ. ಕ್ರೂರಿ ಎಂದು ಹೆಸರಾದ ಬಹಮನಿ ಸುಲ್ತಾನ ಹುಮಾಯೂನನ ಗೋರಿಗೆ 1882ರಲ್ಲಿ ಸಿಡಿಲು ಬಡಿದು ಗುಮ್ಮಟ ಅರ್ಧಕ್ಕೆ ಸೀಳಿದ್ದು, ಒಡೆದ ತೆಂಗಿನಕಾಯಿಯ ಹೋಳಿನಂತೆ ಗೋಡೆಯ ದಪ್ಪವೆಲ್ಲ ಹೊರಗೆ ಕಾಣುತ್ತದೆ. ಗುಮ್ಮಟ ಕಟ್ಟುವುದು ಹೇಗೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಎಲ್ಲೂ ಸಿಗದು.

ಅಹ್ಮದ್ ಶಾಹನ ಗೋರಿಯೊಳಗೆ ಕತ್ತಲೆ. ಕಣ್ಣು ಒಗ್ಗುವಷ್ಟರಲ್ಲಿ ಕಾವಲಿನ ಹಿರಿಯರು ಹೊರಗೆ ಹೋಗಿ, ಕೈಯಗಲದ ಕನ್ನಡಿಯೊಂದನ್ನು ಬಿಸಿಲಿಗೆ ಹಿಡಿದು, ಬೆಳಕಿನ ತುಂಡನ್ನು ಬಾಗಿಲಿನಿಂದ ಒಳಕ್ಕೆ ಹಾಯಿಸಿದರು. ಆ ತುಂಡು ಗೋಡೆಯ ಮೇಲೆ ನಿಧಾನವಾಗಿ ಏರಿದಂತೆ ಕೆಂಪು ನೆಲದ ಮೇಲಿನ ಬಂಗಾರದ ಬಳ್ಳಿ, ಅಕ್ಷರ, ಮತ್ತೆ ಬಳ್ಳಿ, ಹೀಗೆ ಅಂಗೈಯಷ್ಟಷ್ಟೇ ಕಾಣಿಸಿ ಮರೆಯಾಗುತ್ತಿತ್ತು. ವಿದ್ಯುತ್ ದೀಪ ಹಾಕಿದ್ದರೆ ಒಂದೇ ನೋಟಕ್ಕೆ ಎಲ್ಲ ಮುಗಿದುಹೋಗುತ್ತಿತ್ತು. ಈ ಸುಲ್ತಾನನನ್ನು ಮುಸ್ಲಿಮರು ವಲಿ, ಅಂದರೆ ಸಂತ, ಎಂದು ಕರೆದರೆ ಲಿಂಗಾಯತರು ಅಲ್ಲಮಪ್ರಭುವಿನ ಅವತಾರವೆಂದು ನಡೆದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಇಲ್ಲಿ ನಡೆಯುವ ಉರುಸಿಗೆ ಜಂಗಮರು ಬಂದು ಶಂಖ ಊದಿ ಕಾಯಿ ಒಡೆಯುವ ಪದ್ಧತಿಯಿದೆ. ಗೋರಿಯ ಹೊಸ್ತಿಲ ಬಳಿ ಕಾಯಿಯ ಕರಟ ಬಿದ್ದಿದ್ದನ್ನು ನಾನೂ ಕಂಡೆ.

ಹಿಂದಿರುಗಿ ನೌಬಾದಿನ ಕಡೆ ಹೋದರೆ ನೆಲದಡಿಯ ಸುರಂಗ ಬಾವಿ ಇದೆ. ಪರ್ಷಿಯಾದಲ್ಲಿ ಕರೇಜ್ ಎನ್ನುವ ಈ ನೀರಿನ ವ್ಯವಸ್ಥೆಯಲ್ಲಿ ಅಂತರ್ಜಲವನ್ನು ಇಳಿಜಾರಿನ ಸುರಂಗದ ಮೂಲಕ ಊರಿಗೆ ಹರಿಸಿ, ನಡುನಡುವೆ ಬಾವಿಯಂಥ ಗಾಳಿಕಿಂಡಿಗಳನ್ನು ಬಿಟ್ಟಿದ್ದಾರೆ. ನೌಬಾದಿನಲ್ಲಿ ಅಂಥವು 21. ಝರಣಿ ನರಸಿಂಹ ಕ್ಷೇತ್ರದಲ್ಲಿ ಎದೆಮಟ್ಟದ ನೀರಿನಲ್ಲಿ ಸುರಂಗದೊಳಗೆ ನಡೆದು ದೇವರನ್ನು ನೋಡಬೇಕು. ತಲೆಯ ಮೇಲೆ ಬಾವಲಿಗಳು, ಹಿಂದೆ ಮುಂದೆ ಜನ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರನ್ನು ಕಂಡು ನನಗೆ ಧೈರ್ಯ ಬಂತು. ಇನ್ನೊಂದು ಜೊತೆ ಬಟ್ಟೆ ಬೇಕೇ ಬೇಕು.

ಮೂರನೆಯ ದಿನ ಚೌಬಾರಾದ ಆಸುಪಾಸಿನ ಗಲ್ಲಿಗಳಿಗೆ ಹೋದೆ. ಮುಂದೆ ಅಂಗಡಿ, ಹಿಂದೆ ಕೆಲಸದ ಜಾಗ ಇರುವಲ್ಲೇ ಕೊಳ್ಳಬೇಕೆಂಬುದು ನನ್ನ ಸಲಹೆ. ಗಾಜಿನ ಕಪಾಟು ಮಾತ್ರ ಇರುವಲ್ಲಿ ವಸ್ತು ಚೆನ್ನಾಗಿದ್ದರೂ ಅದು ಹೇಗಾಯಿತೆಂದು ನೋಡುವ ಸುಖವಿಲ್ಲ. ನಾನು ಕುಳಿತದ್ದು ಹಿರಿಯರೊಬ್ಬರ ಮುಂದೆ. ಸತುವಿಗೆ ಸ್ವಲ್ಪವೇ ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದ ಡಬ್ಬಿಯೊಂದು ಅವರ ಕೈಯಲ್ಲಿತ್ತು. ಗೆರೆ ಕಾಣಲೆಂದು ಅದಕ್ಕೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ತರಿಸಿದ್ದರು. ಕಲಂ ಎಂದು ಕರೆಯುವ ಸಣ್ಣ ಉಳಿಯಿಂದ ಹೂವಿನ ಎಸಳು ತೋಡಿ, ಆ ಸೀಳಿಗೆ ಕೂದಲಿನಂಥ ಬೆಳ್ಳಿಯ ತಂತಿಯಿಟ್ಟು, ಸುತ್ತಿಗೆಯಿಂದ ಟಪಟಪನೆ ತಟ್ಟಿ ಕೂರಿಸುತ್ತಿದ್ದರು. ತಂತಿಯ ಕೆಲಸಕ್ಕೆ ತಾರ್ಕಶಿ, ತಗಡಿನ ಕೆಲಸಕ್ಕೆ ತೆಹ್‌ನಿಶಾನ್ ಎನ್ನುತ್ತಾರೆ. ಉಜ್ಜಿ ನಯಮಾಡಿದ ಮೇಲೆ ಮೈಲುತುತ್ತದ ಕಪ್ಪು ಹೋಗಿ, ಸತು ಬೆಳ್ಳಿ ಎರಡೂ ಒಂದೇ ಬೂದಿಬಣ್ಣಕ್ಕೆ ತಿರುಗಿ, ಅಷ್ಟು ಹೊತ್ತಿನ ಕೆಲಸವೆಲ್ಲ ಅಳಿಸಿಹೋದಂತೆ ಕಾಣುತ್ತದೆ.

ಆಮೇಲೆ ಬರುವುದು ಮಣ್ಣು. ಮಳೆ ಬಿಸಿಲು ತಾಗದ ಕೋಟೆಯ ಒಳಭಾಗದ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚುತ್ತಾರೆ. ಬೇರೆ ಮಣ್ಣು ಆಗುವುದಿಲ್ಲವೇ ಚಾಚಾ ಎಂದು ಕೇಳಿದೆ. "ನಾಲಿಗಿಗೆ ಹಚ್ಚಿ ನೋಡ್ರಿ ಸರ, ಗೊತ್ತಾಗ್ತದ," ಎಂದು ಚಿಟಿಕೆ ಮಣ್ಣು ಮುಂದೆ ಹಿಡಿದರು. ಉಪ್ಪಿನ ಒಗರಿತ್ತು. ಕೆಲವೇ ನಿಮಿಷಗಳಲ್ಲಿ ಡಬ್ಬಿಯನ್ನು ತೊಳೆದು ತೋರಿಸಿದಾಗ ಸತುವಿನ ಮೈಯೆಲ್ಲ ಕಾಡಿಗೆಯಾಗಿ, ಬೆಳ್ಳಿಯ ಹೂವು ಮಾತ್ರ ಮೊದಲಿಗಿಂತ ಬೆಳ್ಳಗೆ ನಿಂತಿತ್ತು. ಮಣ್ಣು ಸತುವನ್ನು ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ.

ಕೊಳ್ಳುವವರು ಮೂರು ಸಂಗತಿ ನೋಡಬೇಕು. ನಿಜವಾದ ಬಿದರಿ ಅದರ ಗಾತ್ರಕ್ಕೆ ಮೀರಿದ ತೂಕವಿದ್ದು ಕೈಗೆ ತಣ್ಣಗೆ ಹತ್ತುತ್ತದೆ; ಹಗುರಾಗಿದ್ದರೆ ಅಲ್ಲೇ ಬಿಟ್ಟು ಬನ್ನಿ. ಅಯಸ್ಕಾಂತ ಅಂಟಬಾರದು. ತಂತಿಯ ಮೇಲೆ ಉಗುರು ಆಡಿಸಿದರೆ ಎಲ್ಲೂ ತಡೆಯಬಾರದು, ತಡೆದರೆ ಮುಂದೆ ಎದ್ದುಬರುತ್ತದೆ. ಬೆಲೆ ಕೀಲಿಗೊಂಚಲಿಗೆ ಕೆಲವು ನೂರು ರೂಪಾಯಿಯಿಂದ ಶುರುವಾಗಿ ದೊಡ್ಡ ಹೂಜಿಗೆ ಹತ್ತಾರು ಸಾವಿರದವರೆಗೆ ಹೋಗುತ್ತದೆ. ಬೆಳ್ಳಿಯ ದರ ಏರಿದಾಗಲೆಲ್ಲ ಇದೂ ಏರುತ್ತದಾದ್ದರಿಂದ ಚೌಕಾಸಿಗೆ ಹೆಚ್ಚು ಜಾಗವಿಲ್ಲ. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ಇಲ್ಲಿನ ಹಿರಿಯ ಕುಶಲಕರ್ಮಿ ಶಾಹ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೂ ಗಲ್ಲಿಯಲ್ಲಿ ಕುಳಿತು ತಂತಿ ತಟ್ಟುವವರಲ್ಲಿ ನನಗೆ ಕಂಡ ಎಳೆಯ ಮುಖಗಳು ಎರಡು ಮಾತ್ರ.

ಮೂರು ದಿನಕ್ಕೆ ಸಾಲದೆ ಬಿಟ್ಟದ್ದೂ ಇದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಚಾಲುಕ್ಯರ ಕಾಲದ ಗುಡಿಯ ಗೋಡೆಯ ಮೇಲೆ ಶಾಸನ ಬರೆಯುತ್ತಿರುವ ಶಿಲಾಬಾಲಿಕೆಯಿದ್ದಾಳೆ, ಅವಳಿಗೆ ಬೇರೆಯೇ ದಿನ ಬೇಕು. ಎಳ್ಳ ಅಮಾವಾಸ್ಯೆಗೆ ಬಂದರೆ ಹೊಲದಲ್ಲೇ ಭಜ್ಜಿ, ರೊಟ್ಟಿ, ಅಂಬಲಿಯ ಊಟ ಸಿಗುತ್ತದೆ ಎಂದು ಅಷ್ಟೂರಿನ ದಾರಿಯಲ್ಲಿ ಸಿಕ್ಕ ರೈತರೊಬ್ಬರು ಹೇಳಿದ್ದರು, ನಾನು ಅದಕ್ಕೆ ವಾರ ಮುಂಚೆ ಹೊರಟುಬಿಟ್ಟೆ.

ನಾನು ಕೊಂಡದ್ದು ಅಂಗೈಯಗಲದ ಡಬ್ಬಿ, ತಂತಿಯ ಕೆಲಸದ್ದು. ಹಳೆಯ ಉರ್ದು ಪತ್ರಿಕೆಯಲ್ಲಿ ಸುತ್ತಿ ಕೊಡುತ್ತ ಚಾಚಾ, ಸಾಬೂನು ಹಚ್ಚಬೇಡಿ, ಕಪ್ಪು ಮಂಕಾದರೆ ಮೆತ್ತನೆಯ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ ಎಂದರು. ಮೊನ್ನೆ ಹಾಗೆಯೇ ಒರೆಸಿದೆ, ಬಟ್ಟೆಗೆ ಕಪ್ಪು ಹತ್ತಲಿಲ್ಲ.