ವೆಬ್ ಸರ್ವರ್‌ಗೆ ಉಬುಂಟುನಾ, ರಾಕಿನಾ, ವಿಂಡೋಸಾ?

ಮೊದಲ ಸಲ ಸರ್ವರ್ ಹಾಕುತ್ತಿದ್ದೀರಾ? ಸುಮ್ನೆ ಉಬುಂಟು ಎಲ್‌ಟಿಎಸ್ (ಲಿನಕ್ಸ್‌ನ ಒಂದು ಬಗೆ, ದೀರ್ಘಕಾಲ ಬೆಂಬಲ ಇರುವ ಆವೃತ್ತಿ) ತಗೊಳ್ಳಿ. 5 ವರ್ಷ ಸೆಕ್ಯುರಿಟಿ ಅಪ್‌ಡೇಟ್ ಉಚಿತ. ಅಪಾಚೆ (ವೆಬ್ ಪುಟಗಳನ್ನು ಬ್ರೌಸರಿಗೆ ಕಳಿಸುವ ಸಾಫ್ಟ್‌ವೇರ್) ಇನ್‌ಸ್ಟಾಲ್ ಆದ ಕೂಡಲೇ ತಾನೇ ಶುರುವಾಗುತ್ತದೆ. ಒಂದೊಂದು ಸೈಟಿಗೂ ಒಂದೊಂದು ಫೈಲ್, ಬೇಕಾದಾಗ ಆನ್, ಬೇಡವಾದಾಗ ಆಫ್.

ರಾಕಿ ಲಿನಕ್ಸ್ ಸ್ವಲ್ಪ ಬಿಗಿ. ಅದೇ ಅಪಾಚೆಗೆ ಇಲ್ಲಿ ಎಚ್‌ಟಿಟಿಪಿಡಿ ಅಂತ ಹೆಸರು, ಕಾನ್ಫಿಗ್ ಫೋಲ್ಡರೂ ಬೇರೆ, ಸರ್ವಿಸನ್ನು ನೀವೇ ಶುರು ಮಾಡಬೇಕು, ಫೈರ್‌ವಾಲ್‌ನಲ್ಲಿ ವೆಬ್‌ಗೆ ಬೇಕಾದ 80 ಮತ್ತು 443 ಪೋರ್ಟನ್ನೂ ನೀವೇ ತೆರೆಯಬೇಕು. ಜಾಸ್ತಿ ಜನ ಸಿಕ್ಕಿಬೀಳುವುದು ಎಸ್‌ಇಲಿನಕ್ಸ್ (ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಅಂತ ಲೇಬಲ್ ನೋಡಿ ತೀರ್ಮಾನಿಸುವ ಭದ್ರತಾ ವ್ಯವಸ್ಥೆ) ಹತ್ತಿರ. ಹೋಮ್ ಫೋಲ್ಡರಿನಿಂದ ವೆಬ್ ಫೋಲ್ಡರಿಗೆ ಫೈಲ್ ಮೂವ್ ಮಾಡಿದರೆ ಹಳೇ ಲೇಬಲ್ ಅಂಟಿಕೊಂಡೇ ಬರುತ್ತದೆ, ಪರ್ಮಿಷನ್ ಎಲ್ಲ ಸರಿ ಇದ್ದರೂ 403 (ಪ್ರವೇಶ ಇಲ್ಲ) ಎರರ್ ತೋರಿಸುತ್ತದೆ. ಆಗ ಸಿಟ್ಟಿಗೆದ್ದು ಎಸ್‌ಇಲಿನಕ್ಸನ್ನೇ ಆಫ್ ಮಾಡಬೇಡಿ, ಲೇಬಲ್ ಸರಿ ಮಾಡುವ ರೀಸ್ಟೋರ್‌ಕಾನ್ ಕಮಾಂಡ್ ಓಡಿಸಿದರೆ ಸಾಕು. ರಾಕಿಯ ಒಂದೊಂದು ದೊಡ್ಡ ಆವೃತ್ತಿಗೂ 10 ವರ್ಷ ಬೆಂಬಲ ಇದೆ, ಅದು ದೊಡ್ಡ ಲಾಭ ಅಲ್ವಾ?

ವಿಂಡೋಸ್ ಸರ್ವರ್‌ನ ಐಐಎಸ್ (ಅಪಾಚೆ ಥರದ್ದೇ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಮೌಸ್‌ನಲ್ಲೇ ನಡೆಯುತ್ತದೆ, ಲೈಸೆನ್ಸಿಗೆ ದುಡ್ಡು ಮಾತ್ರ ಬೇಕು. ಹಳೇ ಎಎಸ್‌ಪಿ ಡಾಟ್ ನೆಟ್ (ಮೈಕ್ರೋಸಾಫ್ಟಿನ ವೆಬ್ ತಂತ್ರಜ್ಞಾನ) ಆ್ಯಪ್ ಇದ್ದರೆ ಇದೇ ಸರಿ. ಹೊಸ ಡಾಟ್ ನೆಟ್ ಆದರೆ ಲಿನಕ್ಸ್‌ನಲ್ಲೂ ಓಡುತ್ತದೆ. ವಿಂಡೋಸ್ ಮೇಲೆ ಎಂಜಿನ್‌ಎಕ್ಸ್ (ಅಪಾಚೆ ಥರದ ಇನ್ನೊಂದು ಸಾಫ್ಟ್‌ವೇರ್) ಅನ್ನು ಟೆಸ್ಟಿಂಗಿಗೆ ಮಾತ್ರ ಇಟ್ಟುಕೊಳ್ಳಿ, ಅಲ್ಲಿ ಎಷ್ಟು ವರ್ಕರ್ (ಬಂದ ಕೋರಿಕೆಗಳನ್ನು ನಿಭಾಯಿಸುವ ಪ್ರೋಸೆಸ್) ಶುರು ಮಾಡಿದರೂ ನಿಜವಾಗಿ ಕೆಲಸ ಮಾಡುವುದು ಒಂದೇ.