ಬೆಳೆಯ ಇಂಗಾಲದ ಲೆಕ್ಕ: ಎಕ್ಸೆಲ್ ಹಾಳೆ, ಕೂಲ್ ಫಾರ್ಮ್ ಟೂಲ್, ಓಪನ್ ಎಲ್‌ಸಿಎ

ಒಂದು ಕಿಲೋ ಧಾನ್ಯ ಬೆಳೆಯಲು ಎಷ್ಟು ಹಸಿರುಮನೆ ಅನಿಲ ಹೊರಬಿತ್ತು ಎಂಬುದನ್ನು ಹೊಲದಲ್ಲಿ ಯಾರೂ ಅಳೆದು ಹೇಳುವುದಿಲ್ಲ, ಲೆಕ್ಕ ಹಾಕಿ ಹೇಳುತ್ತಾರೆ. ಅಳೆಯಲೇಬೇಕೆಂದರೆ ಮಣ್ಣಿನ ಮೇಲೆ ಪೆಟ್ಟಿಗೆ ಕವುಚಿಟ್ಟು, ಹತ್ತು ನಿಮಿಷಕ್ಕೊಮ್ಮೆ ಸಿರಿಂಜಿನಲ್ಲಿ ಒಳಗಿನ ಗಾಳಿ ಎಳೆದು, ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ ಪರೀಕ್ಷಿಸಬೇಕು. ಗೊಬ್ಬರ ಹಾಕಿ ಮಣ್ಣು ನೆನೆದ ಮೊದಲ ಕೆಲವು ದಿನಗಳಲ್ಲೇ ನೈಟ್ರಸ್ ಆಕ್ಸೈಡ್ ಎಂಬ ಹಸಿರುಮನೆ ಅನಿಲ ಉಕ್ಕುತ್ತದೆ. ಆ ದಿನಗಳು ಕೈತಪ್ಪಿದರೆ ಇಡೀ ಹಂಗಾಮಿನ ಅಳತೆ ದಾರಿ ತಪ್ಪುತ್ತದೆ. ಹಾಗಾಗಿ ಅದು ಸಂಶೋಧನಾ ತಾಕುಗಳ ಕೆಲಸ. ಉಳಿದವರಿಗೆ ಮೂರು ದಾರಿಗಳಿವೆ. ಒಂದೇ ಹೊಲದ ವಿವರವನ್ನು ಮೂರಕ್ಕೂ ಕೊಟ್ಟು ನೋಡಿದಾಗ ಕಂಡದ್ದು ಇಲ್ಲಿದೆ. ವಿವರ ಇಷ್ಟೇ: ಒಂದು ಹೆಕ್ಟೇರ್ ಮೆಕ್ಕೆಜೋಳ, 260 ಕಿಲೋ ಯೂರಿಯಾ, 60 ಲೀಟರ್ ಡೀಸೆಲ್, 6,000 ಕಿಲೋ ಕಾಳು.

ಮೊದಲು ಎಕ್ಸೆಲ್ ಹಾಳೆ, ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಸೂತ್ರಗಳೊಂದಿಗೆ. ಯೂರಿಯಾದಲ್ಲಿ ಸಾರಜನಕ ಶೇ 46, ಅಂದರೆ 260 ಕಿಲೋದಲ್ಲಿ ಸುಮಾರು 120 ಕಿಲೋ. ಐಪಿಸಿಸಿಯ 2006ರ ಮಾರ್ಗಸೂಚಿಯ ಪ್ರಕಾರ ಅದರಲ್ಲಿ ಶೇ 1ರಷ್ಟು ನೈಟ್ರಸ್ ಆಕ್ಸೈಡ್ ರೂಪದಲ್ಲಿ ಹೋಗುತ್ತದೆ. 120 × 0.01 = 1.2 ಕಿಲೋ. ಆದರೆ ಇದು ಸಾರಜನಕದ ತೂಕ, ಅನಿಲದ ತೂಕವಲ್ಲ. ಅನಿಲದ ಅಣುತೂಕ 44, ಅದರೊಳಗಿನ ಸಾರಜನಕದ್ದು 28; ಹಾಗಾಗಿ 44/28ರಿಂದ ಗುಣಿಸಿದಾಗ 1.886 ಕಿಲೋ ಅನಿಲ. ನೂರು ವರ್ಷದ ಲೆಕ್ಕದಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ (ಸಿಒ2) 273 ಪಟ್ಟು ಬಿಸಿ ಹಿಡಿಯುತ್ತದೆ; 273ರಿಂದ ಗುಣಿಸಿದರೆ 515 ಕಿಲೋ ಸಿಒ2 ಸಮಾನ. ಹೊಸದಾಗಿ ಹಾಳೆ ಮಾಡುವವರು 44/28 ಮರೆಯುವುದೇ ಹೆಚ್ಚು. ಮರೆತರೆ ಈ ಸಾಲು 328ಕ್ಕೆ ಇಳಿಯುತ್ತದೆ, ನೋಡಿದವರಿಗೆ ಅನುಮಾನವೂ ಬರುವುದಿಲ್ಲ.

ಇದಕ್ಕೆ ಪರೋಕ್ಷ ಭಾಗ ಸೇರಿಸಬೇಕು. 2019ರ ಪರಿಷ್ಕರಣೆಯಂತೆ ಯೂರಿಯಾದ ಸಾರಜನಕದಲ್ಲಿ ಶೇ 15 ಅಮೋನಿಯಾ ಮುಂತಾಗಿ ಗಾಳಿಗೆ ಹಾರುತ್ತದೆ, ಅದರ ಶೇ 1 ಮತ್ತೆ ನೈಟ್ರಸ್ ಆಕ್ಸೈಡ್ ಆಗುತ್ತದೆ. ನೀರು ಬಸಿಯುವ ಹೊಲದಲ್ಲಿ ಶೇ 24 ಬಸಿದು ಹೋಗುತ್ತದೆ, ಅದರ ಶೇ 1.1 ನೈಟ್ರಸ್ ಆಕ್ಸೈಡ್ ಆಗುತ್ತದೆ. ಎರಡೂ ಸೇರಿ 213 ಕಿಲೋ. ಯೂರಿಯಾ ಕರಗಿದಾಗ ಅದರೊಳಗಿನ ಇಂಗಾಲ ಸಿಒ2 ಆಗಿ ಬಿಡುಗಡೆಯಾಗುವುದು ಕಿಲೋಗೆ 0.733ರಂತೆ 191. ಡೀಸೆಲ್ ಲೀಟರಿಗೆ ಸುಮಾರು 2.68ರಂತೆ 161. ಒಟ್ಟು 1,080 ಕಿಲೋ. ಕಿಲೋ ಕಾಳಿಗೆ 0.18. ಬೆಳೆಯ ಉಳಿಕೆ ಮತ್ತು ಗೊಬ್ಬರದ ಕಾರ್ಖಾನೆಯ ಪಾಲು ಇದರ ಮೇಲೆ ಬರಬೇಕು.

ಹಾಳೆಯ ದೊಡ್ಡ ಗುಣ ಎಂದರೆ ಪ್ರತಿ ಸಂಖ್ಯೆಯೂ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಎಲ್ಲಿ ಅಲುಗಾಡುತ್ತದೆ ಎಂಬುದೂ ಗೊತ್ತಾಗುತ್ತದೆ. ಮೊದಲ ಸಾಲಿನ ಆ ಶೇ 1 ಇದೆಯಲ್ಲ, 2019ರ ಪರಿಷ್ಕರಣೆಯಲ್ಲಿ ಅದು ಒಡೆದು ಎರಡಾಗಿದೆ: ತೇವದ ಹವೆಯಲ್ಲಿ ರಾಸಾಯನಿಕ ಗೊಬ್ಬರಕ್ಕೆ 1.6, ಒಣ ಹವೆಯಲ್ಲಿ 0.5. ಉಳಿದದ್ದೆಲ್ಲ ಹಾಗೇ ಇಟ್ಟು ಇದೊಂದನ್ನೇ ಬದಲಿಸಿದರೆ 515 ಇದ್ದದ್ದು ಒಂದು ಕಡೆ 824, ಇನ್ನೊಂದು ಕಡೆ 257. ಡೀಸೆಲ್ ಲೆಕ್ಕವನ್ನು ಲೀಟರ್ ಲೀಟರ್ ತಾಳೆ ನೋಡುವವರು ಈ ಒಂದು ಕೋಶಕ್ಕೆ ಅರ್ಧ ದಿನ ಕೊಟ್ಟರೆ ಹೆಚ್ಚು ಉಪಯೋಗ. 273 ಕೂಡ ಐಪಿಸಿಸಿಯ ಆರನೇ ವರದಿಯ ಸಂಖ್ಯೆ. ನಾಲ್ಕನೆಯದರಲ್ಲಿ 298, ಐದನೆಯದರಲ್ಲಿ 265 ಇತ್ತು. ಹಳೆಯ ಲೆಕ್ಕದ ಪಕ್ಕ ಹೊಸದನ್ನಿಟ್ಟು 'ಇಳಿಕೆಯಾಗಿದೆ' ಎನ್ನುವ ಮೊದಲು ಇದನ್ನು ನೋಡಿಕೊಳ್ಳಬೇಕು.

ಕೂಲ್ ಫಾರ್ಮ್ ಟೂಲ್ ಅಬರ್ಡೀನ್ ವಿಶ್ವವಿದ್ಯಾಲಯ, ಯೂನಿಲಿವರ್ ಮತ್ತು ಸಸ್ಟೈನಬಲ್ ಫುಡ್ ಲ್ಯಾಬ್ ಸೇರಿ ಬೆಳೆಸಿದ ಆನ್‌ಲೈನ್ ಸಲಕರಣೆ. ರೈತರಿಗೆ ಉಚಿತ. ಮಣ್ಣು ಜಿಗುಟೋ ಮರಳೋ, ಸಾವಯವ ಅಂಶ, ತೇವ, ಬಸಿಯುವಿಕೆ, ರಸಸಾರ ಎಲ್ಲವನ್ನೂ ಕೇಳುತ್ತದೆ. ಬೆಳೆ ಉಳಿಕೆಯನ್ನು ಏನು ಮಾಡಿದಿರಿ ಎಂದೂ ಕೇಳುತ್ತದೆ. ಹಾಳೆಯಲ್ಲಿ ನಾವು ಬಿಟ್ಟಿದ್ದ ಗೊಬ್ಬರ ತಯಾರಿಕೆಯ ಪಾಲನ್ನು ತಾನೇ ಸೇರಿಸುತ್ತದೆ. ಗೊಬ್ಬರದ ಚೀಟಿ, ಡೀಸೆಲ್ ಲೆಕ್ಕ, ಮಣ್ಣಿನ ಪರೀಕ್ಷೆಯ ಫಲಿತಾಂಶ ಕೈಯಲ್ಲಿದ್ದರೆ ಒಂದು ಬೆಳೆಯನ್ನು ತುಂಬಲು ಒಂದು ಗಂಟೆ ಸಾಕು. ಮೂರರಲ್ಲಿ ಹೊಲದ ಮಟ್ಟಕ್ಕೆ ನಮ್ಮ ಆಯ್ಕೆ ಇದೇ.

ಎಡವುವ ಜಾಗ ತೂಕದ್ದು. ಕೊಯ್ಲಿನ ತೂಕ ಒಂದು, ಹೊಲದಿಂದ ಮಾರಾಟಕ್ಕೆ ಹೊರಡುವ ತೂಕ ಇನ್ನೊಂದು ಎಂದು ಎರಡು ಖಾನೆಗಳಿವೆ. ಎರಡಕ್ಕೂ ಒಂದೇ ಸಂಖ್ಯೆ ಹಾಕಿಬಿಟ್ಟರೆ ಫಲಿತಾಂಶ ಸುಳ್ಳಾಗುತ್ತದೆ. ಆ 6,000 ಕಿಲೋ ಶೇ 22 ತೇವದ ಕಾಳಾಗಿದ್ದರೆ, ಶೇ 14ಕ್ಕೆ ಒಣಗಿಸಿದಾಗ ಉಳಿಯುವುದು 5,442 ಕಿಲೋ (6,000 × 78 ÷ 86). ಹೊಲದಲ್ಲಿ ಏನೂ ಬದಲಾಗದೆ 0.18 ಇದ್ದದ್ದು 0.20 ಆಗುತ್ತದೆ. ಇಬ್ಬರು ಬೆಳೆಗಾರರನ್ನು ಹೋಲಿಸುವಾಗ ಒಬ್ಬರ ಹಸಿ ತೂಕ, ಇನ್ನೊಬ್ಬರ ಒಣ ತೂಕ ಹಿಡಿದರೆ ಒಬ್ಬರಿಗೆ ಅನ್ಯಾಯವಾದಂತೆಯೇ. ಈ ಟೂಲ್‌ನ ಕೊರತೆ ಬೇರೆ: ಒಳಗಿನ ಗುಣಕಗಳನ್ನು ಬದಲಿಸಲು ಬರುವುದಿಲ್ಲ.

ಓಪನ್ ಎಲ್‌ಸಿಎ ಜರ್ಮನಿಯ ಗ್ರೀನ್‌ಡೆಲ್ಟಾ ಕಂಪನಿಯವರ ಮುಕ್ತ ತಂತ್ರಾಂಶ; ಎಲ್‌ಸಿಎ ಎಂದರೆ ಒಂದು ಉತ್ಪನ್ನದ ಹುಟ್ಟಿನಿಂದ ಕೊನೆಯವರೆಗಿನ ಪರಿಸರ ಹೊರೆಯ ಲೆಕ್ಕ. ತಂತ್ರಾಂಶ ಉಚಿತ, ಆದರೆ ಒಳಗೆ ತುಂಬುವ ದತ್ತಸಂಚಯ ಪ್ರತ್ಯೇಕ. ಇಕೋಇನ್ವೆಂಟ್ ಎಂಬ ದತ್ತಸಂಚಯಕ್ಕೆ ದುಡ್ಡು ಕೊಡಬೇಕು. ಹಿಟ್ಟು, ಎಣ್ಣೆ, ಪ್ಯಾಕೆಟ್, ಸಾಗಣೆ ಎಂದು ಉತ್ಪನ್ನ ಹೊಲದ ಬೇಲಿ ದಾಟಿ ಹೋದರೆ, ಅಥವಾ ಉತ್ಪನ್ನದ ಇಂಗಾಲದ ಹೆಜ್ಜೆಗುರುತಿನ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 14067ರ ಪ್ರಕಾರ ವರದಿ ಬೇಕಾದರೆ, ಇದು ಬೇಕಾಗುತ್ತದೆ. ಒಂದು ಹೊಲಕ್ಕೆ ಅತಿಯಾಯಿತು. ಕಲಿಯಲು ವಾರಗಳು ಹಿಡಿಯುತ್ತವೆ, ತಪ್ಪುಗಳು ಸದ್ದಿಲ್ಲದೆ ನುಸುಳುತ್ತವೆ.

ನಾಲ್ಕು ಕಡೆ ಕಣ್ಣಿಡಿ. ಯೂರಿಯಾದ ಸಾಲಿಗೆ ಪೂರೈಕೆಯ ಪ್ರಕ್ರಿಯೆ ಜೋಡಣೆಯಾಗದಿದ್ದರೆ ತಯಾರಿಕೆಯ ಪಾಲು ಸೊನ್ನೆ, ಫಲಿತಾಂಶ ನೋಡಲು ಬಹಳ ಚೆನ್ನಾಗಿರುತ್ತದೆ. ಕೆಲವು ದತ್ತಾಂಶ ಕಿಲೋ ಯೂರಿಯಾಕ್ಕೆ, ಕೆಲವು ಕಿಲೋ ಸಾರಜನಕಕ್ಕೆ ಇರುತ್ತವೆ. ಅದಲು ಬದಲಾದರೆ 2.17 ಪಟ್ಟು ವ್ಯತ್ಯಾಸ. ಕಾರ್ಖಾನೆಯಲ್ಲಿ ಯೂರಿಯಾದೊಳಗೆ ಸೇರಿದ ಇಂಗಾಲವನ್ನು ಕೆಲವು ಲೆಕ್ಕಗಳು ಅಲ್ಲಿಯೇ ಕಳೆದಿರುತ್ತವೆ, ಆಗ ಹೊಲದ 191 ಸೇರಿಸಲೇಬೇಕು. ಕಳೆಯದಿದ್ದರೆ ಸೇರಿಸಿದ್ದು ಎರಡು ಸಲ ಎಣಿಸಿದಂತೆ. ಇನ್ನು ಗಿಡ ಹೀರಿದ ಇಂಗಾಲವನ್ನೂ ಎಣಿಸುವ ವಿಧಾನ ಆರಿಸಿದ್ದರೆ ಕಾಳಿನ ಹೆಜ್ಜೆಗುರುತು ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಆ ಕಾಳು ತಿಂದ ಮೇಲೆ ಇಂಗಾಲ ವಾಪಸು ಗಾಳಿಗೇ ಹೋಗುತ್ತದೆ, ಅದನ್ನು ಸಾಧನೆ ಎಂದು ತೋರಿಸುವುದು ತಪ್ಪು.

ದಂಟನ್ನು ಮೇವಿಗೆ ಮಾರಿದರೆ ಇಂಗಾಲದ ಹೊರೆಯನ್ನು ಕಾಳು ಮತ್ತು ದಂಟಿನ ನಡುವೆ ಹಂಚಬೇಕು. ತೂಕದ ಮೇಲೆ ಹಂಚಿದಾಗ, ದಂಟೂ 6,000 ಕಿಲೋ ಇದ್ದರೆ, ಕಾಳಿನ ಪಾಲು ಅರ್ಧಕ್ಕೆ ಇಳಿಯುತ್ತದೆ. ಬೆಲೆಯ ಮೇಲೆ ಹಂಚಿದಾಗ ಬಹುಪಾಲು ಕಾಳಿನ ಮೇಲೇ ನಿಲ್ಲುತ್ತದೆ. ಓಪನ್ ಎಲ್‌ಸಿಎಯಲ್ಲಿ ಎರಡನ್ನೂ ಮಾಡಿ ನೋಡಬಹುದು, ಇದು ಅದರ ನಿಜವಾದ ಬಲ.

ಮೂರರಲ್ಲಿ ಯಾವುದನ್ನು ಬಳಸಿದರೂ ಮಣ್ಣಿನ ಇಂಗಾಲದ ಹೆಚ್ಚಳವನ್ನು ಇದೇ ಮೊತ್ತದಿಂದ ಕಳೆಯಬೇಡಿ, ಬೇರೆ ಸಾಲಿನಲ್ಲಿ ಇಡಿ. 30 ಸೆಂಟಿಮೀಟರ್ ಆಳ, ಮಣ್ಣಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.3 ಗ್ರಾಂ, ಇಂಗಾಲ ಶೇ 0.8 ಎಂದರೆ ಹೆಕ್ಟೇರಿಗೆ 31.2 ಟನ್ ಇಂಗಾಲ. ಪ್ರಯೋಗಾಲಯದ ಫಲಿತಾಂಶ 0.8ರ ಬದಲು 0.9 ಬಂದರೆ 3.9 ಟನ್ ಹೆಚ್ಚು, 44/12ರಿಂದ ಗುಣಿಸಿದಾಗ 14.3 ಟನ್ ಸಿಒ2. ಮಾದರಿ ತೆಗೆದ ಜಾಗ ನಾಲ್ಕು ಹೆಜ್ಜೆ ಆಚೆಗಾದರೂ ಅಷ್ಟು ವ್ಯತ್ಯಾಸ ಬರಬಹುದು. ಮೇಲೆ ಲೆಕ್ಕ ಹಾಕಿದ ಇಡೀ ಬೆಳೆಯ ಹೊರೆ 1.08 ಟನ್.